ಕಾಲುವೆ ಬಂದ ಊರು ಹಿಂದೆ, ಬಾರದ ಊರು ಮುಂದೆ: ಇದು ಹೇಗೆ?

ಮಾನ್ವಿ ಕಡೆಯವ

ಎಲ್ಲರಿಗೂ ನಮಸ್ಕಾರ. ಇದು ಉತ್ತರ-ದಕ್ಷಿಣ ಜಗಳದ ಪೋಸ್ಟ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ನಿಜವಾಗಿಯೂ ತಿಳಿದುಕೊಳ್ಳಬೇಕು ಅಂತ ಕೇಳುತ್ತಿದ್ದೇನೆ.

ನಮ್ಮದು ರಾಯಚೂರು ಜಿಲ್ಲೆ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು, ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ ಇದೆ. ಹಟ್ಟಿಯಲ್ಲಿ ಚಿನ್ನ ತೆಗೆಯುತ್ತಾರೆ, ಶಕ್ತಿನಗರದಲ್ಲಿ ಕರೆಂಟ್ ತಯಾರಾಗುತ್ತದೆ, ಸಿಂಧನೂರು-ಗಂಗಾವತಿಯ ಸೋನಾ ಮಸೂರಿ ಬೆಂಗಳೂರಿನ ಪಿಜಿಗಳ ತಟ್ಟೆಗೆ ಹೋಗುತ್ತದೆ. ಇಷ್ಟಿದ್ದೂ 2005ರ ರಾಜ್ಯ ಮಾನವ ಅಭಿವೃದ್ಧಿ ವರದಿಯಲ್ಲಿ ನಮ್ಮ ಜಿಲ್ಲೆ ಕಟ್ಟಕಡೆಗಿತ್ತು. 2011ರ ಜನಗಣತಿಯಲ್ಲಿ ಸಾಕ್ಷರತೆ ಸುಮಾರು ಶೇ. 60.

ಈಗ ಕೋಲಾರ ನೋಡಿ. ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. 1,500 ಅಡಿ ಬೋರ್ ಕೊರೆಸಿದರೂ ಧೂಳು ಬರುತ್ತದೆ. ಆದರೂ ಅಲ್ಲಿ ಸಾಕ್ಷರತೆ ಶೇ. 74. ದಕ್ಷಿಣ ಕನ್ನಡದಲ್ಲಿ ನಮ್ಮಂಥ ದೊಡ್ಡ ಕಾಲುವೆಯೇ ಇಲ್ಲ. ಅಲ್ಲಿ ಶೇ. 88 ದಾಟಿದೆ, ತಲಾ ಆದಾಯದಲ್ಲಿ ಬೆಂಗಳೂರು ನಗರ ಬಿಟ್ಟರೆ ಅವರೇ. ಪಟ್ಟಿಯ ಕೊನೆಯಲ್ಲಿರುವ ಕಲಬುರಗಿಗಿಂತ ಮೂರು ಪಟ್ಟು ಜಾಸ್ತಿ.

ನಮ್ಮ ತಾತನ ಕಾಲದಲ್ಲಿ ಎಲ್ಲ ಕಡೆ ಅಂಬಲಿ, ಗಂಜಿಯೇ ಅಲ್ವಾ? ನೀರು ಬಂದರೆ ಊರು ಉದ್ಧಾರ ಅಂತ ಚಿಕ್ಕಂದಿನಿಂದ ಕೇಳಿಕೊಂಡು ಬೆಳೆದವನು ನಾನು. ನೀರು ಬಂದು 70 ವರ್ಷ ಆಯಿತು. ಮತ್ಯಾಕೆ ಹೀಗೆ?

ನಾಲೆ ಬಯಲು

ಮಂಡ್ಯದವನಾಗಿ ಹೇಳುತ್ತೇನೆ ಅಣ್ಣ, ನೀರು ಬಂದರೆ ಉದ್ಧಾರ ಅನ್ನೋದು ಅರ್ಧ ಮಾತು. ನಮಗೆ ನಿಮಗಿಂತ 20 ವರ್ಷ ಮೊದಲೇ ನೀರು ಬಂತು. ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, 1933ರಲ್ಲಿ ಸಕ್ಕರೆ ಕಾರ್ಖಾನೆ. ಕಬ್ಬು-ಭತ್ತ, ಭತ್ತ-ಕಬ್ಬು. ಒಂದು ಕಾಲದಲ್ಲಿ ಮಂಡ್ಯದ ಗದ್ದೆ ಇದೆ ಅಂದರೆ ಹೆಣ್ಣು ಕೊಡೋದಕ್ಕೆ ಸಾಲು ನಿಲ್ಲುತ್ತಿದ್ದರು. ಈಗ ಹೋಗಿ ನೋಡಿ. ಐದು ಎಕರೆ ಇದ್ದ ಜಮೀನು ಮೂರು ತಲೆಮಾರು ಭಾಗ ಆಗಿ 20-30 ಗುಂಟೆಗೆ ಬಂದಿದೆ. ಕಬ್ಬಿನ ದುಡ್ಡು ಕಾರ್ಖಾನೆಯಿಂದ ಯಾವಾಗ ಬರುತ್ತದೋ ದೇವರಿಗೇ ಗೊತ್ತು. 2015ರಲ್ಲಿ ರಾಜ್ಯದಲ್ಲಿ ರೈತರ ಆತ್ಮಹತ್ಯೆ ಸಾಲು ಸಾಲಾಗಿ ನಡೆದಾಗ ನೀರಿರುವ ಮಂಡ್ಯದ ಹೆಸರು ಮುಂದೆಯೇ ಇತ್ತು, ನೆನಪಿರಬಹುದು.

ನಮ್ಮ ಜಿಲ್ಲೆಯ ಮೇಲೆಯೇ ಒಂದು ಹಳೆಯ ಅಧ್ಯಯನ ಇದೆ. ಸ್ಕಾರ್ಲೆಟ್ ಎಪ್‌ಸ್ಟೀನ್ ಅನ್ನೋ ವಿದ್ವಾಂಸೆ 1954ರಿಂದ 56ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಇದ್ದು ನೋಡಿದರು. ಒಂದಕ್ಕೆ ನಾಲೆ ನೀರು ಬಂದಿತ್ತು. ಇನ್ನೊಂದು ದಿಣ್ಣೆ ಮೇಲಿದ್ದ ಊರು, ಅದಕ್ಕೆ ನೀರು ಹತ್ತಲಿಲ್ಲ. ನೀರು ಬಂದ ಊರಿನಲ್ಲಿ ದುಡ್ಡು ಬಂತು. ಆದರೆ ಗೌಡರು ಗೌಡರಾಗಿಯೇ ಇದ್ದರು, ಆಳು ಆಳಾಗಿಯೇ ಇದ್ದ, ಹಳೇ ಪದ್ಧತಿ ಇನ್ನಷ್ಟು ಗಟ್ಟಿ ಆಯಿತು. ನೀರು ಬಾರದ ಊರಿನವರು ಸುಮ್ನೆ ಕೂರಲಿಲ್ಲ. ಪಕ್ಕದ ಊರುಗಳಲ್ಲಿ ಗದ್ದೆ ಕೊಂಡರು, ಮಂಡ್ಯ ಪೇಟೆಯಲ್ಲಿ ಕೆಲಸ ಹಿಡಿದರು, ವ್ಯಾಪಾರಕ್ಕೆ ಇಳಿದರು. ಬದಲಾವಣೆ ಜಾಸ್ತಿ ಆದದ್ದು ಆ ಒಣ ಊರಿನಲ್ಲಿ. 1970ರಲ್ಲಿ ಆಕೆ ಮತ್ತೆ ಬಂದು ಅದೇ ಊರುಗಳನ್ನು ನೋಡಿಕೊಂಡು ಹೋದರು.

ಇವತ್ತಿಗೂ ಅದೇ ನಡೆದಿದೆ. ನಮ್ಮ ನಾಗಮಂಗಲ ಕಡೆ ಒಣ ಸೀಮೆ. ಬೆಂಗಳೂರಿನಲ್ಲಿ ಅಂಗಡಿ, ಹೋಟೆಲು, ಕಾಂಟ್ರ್ಯಾಕ್ಟು, ಸೈಟು ಅಂತ ಹಬ್ಬಿಕೊಂಡವರಲ್ಲಿ ನಾಗಮಂಗಲದವರು ಎಷ್ಟು ಸಿಗುತ್ತಾರೆ ಎಣಿಸಿ. ನಾಲೆ ಬಯಲಿನವರು ನೀರು ಯಾವಾಗ ಬಿಡುತ್ತಾರೆ ಅಂತ ಕಾಯುತ್ತಾ ಕೂತೆವು.

ಟೊಮೆಟೊ ಬಾಕ್ಸ್

ಇದು ಸತ್ಯ. ನೀರಿಲ್ಲದವನಿಗೆ ಹಟ ಜಾಸ್ತಿ.

ಮಾನ್ವಿ ಕಡೆಯವ

ಹಟದಿಂದಲೇ ಆಗೋದಾದರೆ ನಮ್ಮ ದೇವದುರ್ಗ, ಲಿಂಗಸುಗೂರು ಕಡೆಯವರು ಯಾವತ್ತೋ ಶ್ರೀಮಂತರಾಗಬೇಕಿತ್ತು ರೀ. ಅವರಷ್ಟು ಊರು ಬಿಟ್ಟು ಹೋಗಿ ದುಡಿಯುವವರು ಯಾರಿದ್ದಾರೆ? ನಾಗಮಂಗಲದವನು ಬೆಂಗಳೂರಿಗೆ ಬಂದರೆ ಹೋಟೆಲ್ ಇಡುತ್ತಾನೆ. ದೇವದುರ್ಗದವನು ಬಂದರೆ ಕಟ್ಟಡಕ್ಕೆ ಕಲ್ಲು ಹೊರುತ್ತಾನೆ, ತಗಡಿನ ಶೆಡ್ಡಿನಲ್ಲಿ ಮಲಗುತ್ತಾನೆ, ಮಳೆ ಬಂದಮೇಲೆ ವಾಪಸ್ ಹೋಗುತ್ತಾನೆ. ಇಬ್ಬರೂ ಒಣ ಸೀಮೆಯವರೇ. ವ್ಯತ್ಯಾಸ ಏನು?

ಕ್ಯಾಂಪ್ ಹುಡುಗ

ನಾನು ಸಿಂಧನೂರು ತಾಲೂಕಿನವನು, ಕ್ಯಾಂಪಿನಲ್ಲಿ ಹುಟ್ಟಿದವನು, ಮನೆಯಲ್ಲಿ ತೆಲುಗು. ನಮ್ಮವರನ್ನು ಬೈಯುವವರು ಬರುವ ಮುಂಚೆ ನಾನೇ ಹೇಳುತ್ತೇನೆ.

ಅಣೆಕಟ್ಟು ಆದಮೇಲೆ ಆಂಧ್ರದ ಕೃಷ್ಣಾ-ಗೋದಾವರಿ ಕಡೆಯಿಂದ ನಮ್ಮ ಹಿರಿಯರು ಬಂದು ನೆಲೆಸಿದ ಊರುಗಳೇ ಈ ಕ್ಯಾಂಪುಗಳು. ಅಲ್ಲಿ ಒಂದು ಎಕರೆ ಮಾರಿದರೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ಇಲ್ಲಿಯವರಿಗೆ ಎರೆಭೂಮಿಯಲ್ಲಿ ಜೋಳ, ಹತ್ತಿ, ಕಡಲೆ ಬೆಳೆದು ಗೊತ್ತು. ಕಾಲುವೆ ನೀರಿಗೆ ಜಮೀನು ಸಮ ಮಾಡಬೇಕು, ಮಡಿ ಕಟ್ಟಬೇಕು, ಗೊಬ್ಬರಕ್ಕೆ ಸಾಲ ತರಬೇಕು. ಆ ಬಂಡವಾಳ ಇಲ್ಲಿಯ ಸಣ್ಣ ರೈತನ ಹತ್ತಿರ ಇರಲಿಲ್ಲ, ಆ ಭೂಮಿಗೆ ಸಾಲ ಕೊಡೋ ಬ್ಯಾಂಕೂ ಇರಲಿಲ್ಲ. ಇನ್ನು ದೊಡ್ಡ ಜಮೀನ್ದಾರರು, ಅವರಿಗೆ ಮಾರಿ ಕೈತುಂಬಾ ದುಡ್ಡು ಎಣಿಸೋದೇ ಸುಲಭ ಅನ್ನಿಸಿತು. ಮಾರಿದರು. ನಾವು ಕೊಂಡೆವು. ರೈಸ್ ಮಿಲ್ಲು ಬಂತು, ಗೊಬ್ಬರದ ಅಂಗಡಿ ಬಂತು, ಟ್ರ್ಯಾಕ್ಟರ್ ಶೋರೂಮ್ ಬಂತು. ಗಂಗಾವತಿ, ಕಾರಟಗಿ, ಸಿಂಧನೂರು ಪೇಟೆ ನೋಡಿ ಇದು ಹಿಂದುಳಿದ ಸೀಮೆ ಅಂತ ಯಾರೂ ಹೇಳಲಾರರು.

ಆದರೆ ಇದರ ಇನ್ನೊಂದು ಮುಖ ಇದೆ. ಈ ಯೋಜನೆ ಮಾಡಿದ್ದು ಭತ್ತಕ್ಕೆ ಅಲ್ಲ. ಜಾಸ್ತಿ ಜಮೀನಿಗೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಬರ ತಪ್ಪಿಸೋದು ಮೂಲ ಲೆಕ್ಕ. ಜೋಳ, ಹತ್ತಿ, ಶೇಂಗಾಕ್ಕೆ ಸಾಕಾಗುವಷ್ಟು. ಮೇಲಿನ ಭಾಗದವರು, ನಮ್ಮವರೂ ಸೇರಿ, ಎಲ್ಲ ಭತ್ತ ಹಾಕಿದೆವು. ಮೇಲೆ ಭತ್ತ ಹಾಕಿದರೆ ಕೆಳಗೆ ಮಾನ್ವಿ, ಸಿರವಾರ, ರಾಯಚೂರಿಗೆ ನೀರು ಎಲ್ಲಿಂದ ಹೋಗಬೇಕು? ಕಾಗದದ ಮೇಲೆ ಅವರೂ ನೀರಾವರಿ ರೈತರೇ. ಕಾಲುವೆ ಇದೆ, ತೂಬು ಇದೆ, ನೀರಿಲ್ಲ. ಅದರ ಮೇಲೆ ಹೂಳು. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕಿತ್ತುಹೋದಾಗ ನಮ್ಮ ಇಡೀ ಬದುಕು ಎಷ್ಟು ಒಂದೇ ಕಬ್ಬಿಣದ ಬಾಗಿಲ ಮೇಲೆ ನಿಂತಿದೆ ಅಂತ ಗೊತ್ತಾಯಿತು.

ಆದ್ದರಿಂದ ರಾಯಚೂರು ಅಂತ ಒಂದೇ ಜಿಲ್ಲೆ ಮಾಡಿ ಮಾತಾಡಬೇಡಿ. ಸಿಂಧನೂರು ಬೇರೆ, ದೇವದುರ್ಗ ಬೇರೆ. ಸಿಂಧನೂರಿನಲ್ಲೂ ಮಿಲ್ಲಿನ ಯಜಮಾನ ಬೇರೆ, ಅಲ್ಲಿ ಮೂಟೆ ಹೊರುವವನು ಬೇರೆ.

ಮಾನ್ವಿ ಕಡೆಯವ

ಅಬ್ಬಾ, ಕ್ಯಾಂಪಿನವರು ಒಬ್ಬರಾದರೂ ಇದನ್ನು ಬಾಯಿಬಿಟ್ಟು ಹೇಳಿದರಲ್ಲ. ನಮ್ಮದು ಆ ಕೊನೆ ಭಾಗವೇ ರೀ.

ಅಡಿಕೆ ಸಿಪ್ಪೆ

ನಮಸ್ಕಾರ ಮಾರಾಯ್ರೆ, ಪುತ್ತೂರಿನಿಂದ. ನಮ್ಮ ಊರಿನ ಕತೆ ಬೇರೆಯೇ ಉಂಟು.

ನಮ್ಮ ಅಜ್ಜ ಗೇಣಿ ಒಕ್ಕಲು. ಬೆಳೆದದ್ದರಲ್ಲಿ ಧನಿಗಳ ಪಾಲು ಅಳೆದು ಕೊಟ್ಟು ಉಳಿದದ್ದರಲ್ಲಿ ಆಟಿ (ಆಷಾಢ) ತಿಂಗಳು ಕಳೆಯಬೇಕು. ಹಲಸಿನ ಬೀಜ, ಕೆಸುವು ತಿಂದು ಬದುಕಿದ ಮನೆ. 1974ರಲ್ಲಿ ದೇವರಾಜ ಅರಸರು ಭೂಸುಧಾರಣೆ ತಂದರು. ಉಳುವವನೇ ಹೊಲದೊಡೆಯ. ನಮ್ಮಲ್ಲಿ ಎಲ್ಲರೂ 7ನೇ ನಮೂನೆ ತುಂಬಿ ಡಿಕ್ಲರೇಶನ್ ಹಾಕಿದರು. ಇವತ್ತಿಗೂ "ಡಿಕ್ಲರೇಶನ್ ಜಾಗ" ಅಂತಲೇ ಹೇಳುವುದು. ಗೇಣಿ ಪದ್ಧತಿ ಇಡೀ ರಾಜ್ಯದಲ್ಲೇ ಹೆಚ್ಚು ಇದ್ದದ್ದು ನಮ್ಮ ಕರಾವಳಿಯಲ್ಲಿ, ಹಾಗಾಗಿ ಆ ಕಾನೂನು ನಿಜವಾಗಿ ಕಚ್ಚಿದ್ದೂ ಇಲ್ಲೇ. ಜಾಗ ಸ್ವಂತದ್ದಾದ ಕೂಡಲೇ ನಮ್ಮಜ್ಜ ಗದ್ದೆಯ ಬದಿಗೆ ಅಡಿಕೆ ಇಟ್ಟರು. ಬೇರೆಯವರ ಜಾಗದಲ್ಲಿ ಯಾರು ಅಡಿಕೆ ಗಿಡ ನೆಡುತ್ತಾರೆ, ಫಲ ಬರಲಿಕ್ಕೆ ಐದಾರು ವರ್ಷ ಬೇಕು ಅಲ್ವಾ? ಅಡಿಕೆ ರೇಟು ಬಿದ್ದಾಗ ಹಿಡಿಯಲಿಕ್ಕೆ ಬೆಳೆಗಾರರದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೋ 1973ರಲ್ಲೇ ಶುರುವಾಗಿತ್ತು. 1986ರಲ್ಲಿ ನಮ್ಮ ಪುತ್ತೂರಿನಲ್ಲೇ ಅವರ ಚಾಕೊಲೇಟ್ ಫ್ಯಾಕ್ಟರಿ ಆಯಿತು, ಕೊಕ್ಕೊಗೂ ಮಾರ್ಕೆಟ್ ಸಿಕ್ಕಿತು.

ಎರಡನೇದು ಬ್ಯಾಂಕು. ಕೆನರಾ 1906, ಕಾರ್ಪೊರೇಷನ್ 1906, ಕರ್ಣಾಟಕ ಬ್ಯಾಂಕ್ 1924, ಸಿಂಡಿಕೇಟ್ 1925, ವಿಜಯಾ 1931. ಇಷ್ಟು ಸಣ್ಣ ಸೀಮೆಯಲ್ಲಿ ಐದು ಬ್ಯಾಂಕು ಹುಟ್ಟಿತು. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಶುರು ಮಾಡಿ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದರು. ಬಡವನ ಎರಡಾಣೆಯೂ ಲೆಕ್ಕಕ್ಕೆ ಬಂತು. ಬ್ಯಾಂಕು ಇದ್ದಲ್ಲಿ ಗುಮಾಸ್ತರು ಬೇಕು, ಗುಮಾಸ್ತರು ಬೇಕಾದಲ್ಲಿ ಶಾಲೆ ಬೇಕು. ನಮ್ಮ ದೊಡ್ಡಪ್ಪ ಬಿ.ಕಾಂ. ಮಾಡಿದ್ದೇ ಬ್ಯಾಂಕಿಗೆ ಸೇರಲಿಕ್ಕೆ. ಇನ್ನೊಬ್ಬ ದೊಡ್ಡಪ್ಪ ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಗೆ ಹೋದವರು. ಅವರು ಕಳಿಸಿದ ದುಡ್ಡಿನಲ್ಲಿ ಮನೆಗೆ ಹಂಚು ಬಂತು. ಆಮೇಲೆ ಗಲ್ಫ್.

ಈ ಬ್ಯಾಂಕುಗಳಲ್ಲಿ ಮೂರು ಈಗ ವಿಲೀನದಲ್ಲಿ ಹೋದವು ಅನ್ನೋ ಬೇಜಾರು ಬೇರೆ ಉಂಟು, ಅದು ಇನ್ನೊಂದು ದಿನಕ್ಕೆ.

ಬೀಡಿ ಸೂಪು

ಪುತ್ತೂರಿನವರೇ, ಎಲ್ಲ ಸರಿ. ಆದರೆ ಮೊಗೇರ, ಕೊರಗ ಸಮುದಾಯದವರನ್ನು ಕೇಳಿ ನೋಡಿ, ಡಿಕ್ಲರೇಶನ್ನಿನಲ್ಲಿ ಅವರಿಗೆ ಎಷ್ಟು ಸಿಕ್ಕಿತು ಅಂತ. ಗೇಣಿ ಚೀಟಿ ಇದ್ದವರಿಗೆ ಜಾಗ ಆಯಿತು. ಕೂಲಿಗೆ ಹೋದವರಿಗೆ ಐದು ಸೆಂಟ್ಸಿನ ಮನೆ ಆದರೆ ಪುಣ್ಯ. ಇನ್ನು ಕರಾವಳಿಯ ಮನೆ ನಡೆಸಿದ್ದು ಬ್ಯಾಂಕು, ಬೊಂಬಾಯಿ ಅಂತ ಗಂಡಸರ ಕತೆ ಮಾತ್ರ ಹೇಳುತ್ತಾರೆ. ನನ್ನಮ್ಮ ಸೂಪು (ಮೊರ) ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿ ನಮ್ಮನ್ನು ಓದಿಸಿದರು. ವಾರ ವಾರ ಬೀಡಿ ಕಂಪನಿಯ ಬ್ರಾಂಚಿನಿಂದ ಮಜೂರಿ ಬರುತ್ತಿತ್ತು, ಪುಸ್ತಕ ಇತ್ತು, ಪಿಎಫ್ ಇತ್ತು. ಬೆನ್ನು ನೋವು, ಕೆಮ್ಮು ಕೂಡ ಇತ್ತು. ಆದರೆ ಆ ದುಡ್ಡು ಅಮ್ಮನ ಕೈಗೆ ಬಂತು, ಅಪ್ಪನ ಕೈಗಲ್ಲ. ನಾವು ಮೂವರು ಹೆಣ್ಣುಮಕ್ಕಳೂ ಪಿಯುಸಿ ದಾಟಿದ್ದು ಅದರಿಂದ.

ಅಡಿಕೆ ಸಿಪ್ಪೆ

ಅಕ್ಕ, ಅದು ಹೌದು. ಒಪ್ಪತಕ್ಕ ಮಾತು.

ತಾಲೂಕು ಲೆಕ್ಕ

ಸ್ವಲ್ಪ ಅಂಕಿ ಹಾಕುತ್ತೇನೆ, ಇಲ್ಲದಿದ್ದರೆ ಎಲ್ಲರೂ ಅವರವರ ಅಜ್ಜನ ಕತೆ ಹೇಳಿ ಮುಗಿಸುತ್ತೀರಿ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗ ಇದ್ದ 175 ತಾಲೂಕುಗಳಲ್ಲಿ 114 ಹಿಂದುಳಿದವು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 26 ಉತ್ತರದಲ್ಲಿ, 13 ದಕ್ಷಿಣದಲ್ಲಿ. ಉತ್ತರದ 26ರಲ್ಲಿ 21 ಕಲಬುರಗಿ ವಿಭಾಗಕ್ಕೇ ಸೇರಿದ್ದವು. ಬೆಳಗಾವಿ ವಿಭಾಗದಲ್ಲಿ ಬರೀ 5. ಅಂದರೆ "ಉತ್ತರ ಕರ್ನಾಟಕ" ಅನ್ನೋ ಒಂದೇ ಚೀಲದಲ್ಲಿ ಎಲ್ಲ ತುಂಬಬೇಡಿ. ಹಳೇ ಮುಂಬೈ ಪ್ರಾಂತ್ಯದ ಧಾರವಾಡ, ಬೆಳಗಾವಿಗೂ ನಿಜಾಮನ ಸೀಮೆಯ ಕಲಬುರಗಿ, ರಾಯಚೂರಿಗೂ ಬಹಳ ಅಂತರ ಇದೆ. ಈ ಕಡೆಯವರು 1948ರ ಸೆಪ್ಟೆಂಬರ್ 17ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದರು. ಶಾಲೆ ಕಡಿಮೆ, ಇದ್ದದ್ದೂ ಉರ್ದು ಮಾಧ್ಯಮ. ಕನ್ನಡದ ಹುಡುಗ ಮೊದಲು ಉರ್ದು ಕಲಿತು ಆಮೇಲೆ ಗಣಿತ ಕಲಿಯಬೇಕು. ಅದೇ ಹೊತ್ತಿಗೆ ಮೈಸೂರಿನಲ್ಲಿ ವಿಶ್ವವಿದ್ಯಾಲಯಕ್ಕೆ 30 ವರ್ಷ ಆಗಿಹೋಗಿತ್ತು.

ರೈಲು ನೋಡಿ. ಕೋಲಾರದ ಚಿನ್ನದ ಗಣಿಗೆ 19ನೇ ಶತಮಾನದಲ್ಲೇ ಹಳಿ ಹಾಕಿದರು. ಭತ್ತದ ಕಣಜ ಅನ್ನಿಸಿಕೊಂಡ ಸಿಂಧನೂರಿಗೆ ಪ್ಯಾಸೆಂಜರ್ ರೈಲು ಬಂದದ್ದು 2024ರಲ್ಲಿ.

ಟೊಮೆಟೊ ಬಾಕ್ಸ್

ಸಾರ್, ಆ ಹಳಿಯ ಮೇಲೆ ಈಗ ಏನು ಓಡುತ್ತಿದೆ ಗೊತ್ತಾ? ಚಿನ್ನ ಅಲ್ಲ, ಜನ. ಗಣಿ 2001ರಲ್ಲಿ ಮುಚ್ಚಿತು. ಈಗ ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ಕಾಲಿಡೋದಕ್ಕೆ ಜಾಗ ಇರೋದಿಲ್ಲ. ಎಲ್ಲರೂ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮನೆಗೆ ಬರುತ್ತಾರೆ. ಅದೇ ನಮ್ಮ ಕೋಲಾರಕ್ಕೂ ದೇವದುರ್ಗಕ್ಕೂ ಇರುವ ವ್ಯತ್ಯಾಸ. ನಮ್ಮವನು ಸಂಜೆ ಮನೆಗೆ ಬರುತ್ತಾನೆ, ಹೆಂಡತಿ ಹಸು ನೋಡಿಕೊಳ್ಳುತ್ತಾಳೆ, ಮಕ್ಕಳು ಒಂದೇ ಶಾಲೆಯಲ್ಲಿ ಓದುತ್ತಾರೆ. ಊರು ಬಿಡದೆ ಊರ ಹೊರಗೆ ದುಡಿಯೋ ಅನುಕೂಲ. ಇದು ನಮ್ಮ ಜಾಣತನ ಅಲ್ಲ, ನಕಾಶೆಯಲ್ಲಿ ನಾವಿರುವ ಜಾಗ.

ಜಾಣತನ ಅಂತ ಇದ್ದರೆ ಅದು ಹಾಲು ಮತ್ತು ರೇಷ್ಮೆಯಲ್ಲಿ. ಎರಡಕ್ಕೂ ದೊಡ್ಡ ಜಮೀನು ಬೇಡ. ಅರ್ಧ ಎಕರೆ ಹಿಪ್ಪುನೇರಳೆ ಇದ್ದರೆ ವರ್ಷಕ್ಕೆ ನಾಲ್ಕೈದು ಬೆಳೆ ಗೂಡು ತೆಗೆಯಬಹುದು, ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿದರೆ ಹರಾಜು, ದುಡ್ಡು. ಹಾಲಂತೂ ದಿನಾ ಎರಡು ಹೊತ್ತು ಡೇರಿಗೆ ಹೋಗುತ್ತದೆ, ಬಟವಾಡೆ ಬರುತ್ತದೆ. ಭತ್ತದ ರೈತನಿಗೆ ವರ್ಷಕ್ಕೆ ಎರಡು ಸಲ ದುಡ್ಡು ಕಾಣುತ್ತದೆ, ಅಷ್ಟರಲ್ಲಿ ಸಾಲದವನು ಕಣದಲ್ಲೇ ನಿಂತಿರುತ್ತಾನೆ. ನಮ್ಮ ಮನೆಯಲ್ಲಿ ಸ್ಕೂಲ್ ಫೀಸು, ಬಸ್ ಪಾಸು ಎಲ್ಲ ಹಾಲಿನ ದುಡ್ಡು.

ಟೊಮೆಟೊ ಬಗ್ಗೆ ಕೇಳಬೇಡಿ. ಅದು ಜೂಜು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತು, ಟಿವಿಯವರು ತೋಟಕ್ಕೇ ಬಂದರು. ಅದೇ ಬಾಕ್ಸನ್ನು ರೋಡಿಗೆ ಸುರಿದ ವರ್ಷಗಳಲ್ಲಿ ಯಾರೂ ಬರಲಿಲ್ಲ. ಮತ್ತೆ ನೀರು? ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗೆ ಬಿಡುತ್ತಿದ್ದಾರೆ. ಬೋರ್‌ವೆಲ್ ನೀರು ಮತ್ತೆ ಮೇಲೆ ಬಂದಿದೆ. ಎರಡು ಹಂತ ಸಂಸ್ಕರಿಸಿದರೆ ಸಾಲದು, ಮೂರನೇ ಹಂತ ಮಾಡಿ ಅಂತ ನಾವು ಕೇಳುತ್ತಲೇ ಇದ್ದೇವೆ.

ಪಾವಗಡ ಬಿಸಿಲು

ನಮ್ಮದೂ ಒಂದು ಸೇರಿಸಿಕೊಳ್ಳಿ. ಪಾವಗಡದಲ್ಲಿ ಮಳೆ ಕಡಿಮೆ, ವರ್ಷಪೂರ್ತಿ ಹರಿಯುವ ನದಿ ಇಲ್ಲ, ಬೋರಿನಲ್ಲಿ ಬರೋದು ಫ್ಲೋರೈಡ್ ನೀರು. ಬಿಸಿಲು ಒಂದೇ ಇದ್ದದ್ದು. ಅದನ್ನೇ ಮಾರಿದೆವು! ತಿರುಮಣಿ, ವಳ್ಳೂರು ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಜಮೀನು ಕೊಂಡಿಲ್ಲ, ಗುತ್ತಿಗೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಶೇಂಗಾ ಹಾಕಿ ಬೀಜದ ದುಡ್ಡೂ ಬಾರದ ಜಮೀನಿಗೆ ಇದು ಕಡಿಮೆ ಅಲ್ಲ. 20 ಎಕರೆ ಇದ್ದವನು ಆರಾಮಾಗಿ ಮಧುಗಿರಿಯಲ್ಲೋ ತುಮಕೂರಲ್ಲೋ ಮನೆ ಮಾಡಿ ಮಕ್ಕಳನ್ನು ಓದಿಸುತ್ತಿದ್ದಾನೆ. ಆದರೆ ಅವನ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸಿಗೆ ಏನು ಗುತ್ತಿಗೆ ಬಂತು? ಪ್ಯಾನಲ್ ಒರೆಸೋದು, ಹುಲ್ಲು ಕತ್ತರಿಸೋದು, ಸೆಕ್ಯೂರಿಟಿ, ಅಷ್ಟೇ ಕೆಲಸ, ಅದೂ ಕೆಲವರಿಗೆ. ಕುರಿಯವರಿಗೆ ಮೇವಿನ ಜಾಗ ಹೋಯಿತು. ಸಿಂಧನೂರಿನವರು ನೀರಿನ ಬಗ್ಗೆ ಹೇಳಿದ್ದು ಇಲ್ಲಿ ಬಿಸಿಲಿಗೂ ನಿಜ.

ಸುರಪುರದ ಟೀಚರ್

ತಡವಾಗಿ ಬರುತ್ತಿದ್ದೇನೆ, ಪರೀಕ್ಷೆ ಕೆಲಸ ಇತ್ತು. ಯಾದಗಿರಿ ಜಿಲ್ಲೆಯಲ್ಲಿ ಪ್ರೌಢಶಾಲೆ ಶಿಕ್ಷಕಿ ನಾನು. ಮಾನ್ವಿಯ ತಮ್ಮ ಕೇಳಿದ ಪ್ರಶ್ನೆಗೆ, ನಾಗಮಂಗಲದವನು ಹೋಟೆಲ್ ಇಡುತ್ತಾನೆ ದೇವದುರ್ಗದವನು ಕಲ್ಲು ಹೊರುತ್ತಾನೆ ಯಾಕೆ ಅಂದರೆ, ನನ್ನ ಹಾಜರಿ ಪುಸ್ತಕದಲ್ಲಿ ಉತ್ತರ ಇದೆ.

2011ರ ಲೆಕ್ಕದಲ್ಲಿ ದಕ್ಷಿಣ ಕನ್ನಡದ ಹೆಂಗಸರ ಸಾಕ್ಷರತೆ ಶೇ. 84. ನಮ್ಮ ಯಾದಗಿರಿಯಲ್ಲಿ 41. ಅರ್ಧಕ್ಕಿಂತ ಕಡಿಮೆ. ಓದಲು ಬಾರದ ತಾಯಿಯ ಮಗ ಬೆಂಗಳೂರಿಗೆ ಹೋದರೆ ಮೇಸ್ತ್ರಿ ಬರೆದದ್ದೇ ಲೆಕ್ಕ. ಅವನು ಹೋಗೋದೂ ಸಾಲ ತೀರಿಸೋದಕ್ಕೆ, ಮೇಸ್ತ್ರಿ ಮೊದಲೇ ಮುಂಗಡ ಕೊಟ್ಟಿರುತ್ತಾನೆ. ಇಡೀ ಮನೆ ಗುಳೆ ಹೋಗುತ್ತದೆ. ಪುತ್ತೂರಿನ ಅಣ್ಣನ ದೊಡ್ಡಪ್ಪ ಒಬ್ಬರೇ ಬೊಂಬಾಯಿಗೆ ಹೋದರು, ಮನೆ ಊರಲ್ಲೇ ಇತ್ತು, ದುಡ್ಡು ಊರಿಗೆ ಬಂತು. ನಮ್ಮಲ್ಲಿ ಮನೆಗೆ ಬೀಗ, ಅಜ್ಜಿ ಒಬ್ಬಳೇ ಕಟ್ಟೆ ಮೇಲೆ. ಮಕ್ಕಳಿಗಾಗಿ ಋತುಮಾನ ವಸತಿ ಶಾಲೆ ಅಂತ ಮಾಡುತ್ತಾರೆ, ಒಳ್ಳೆಯದೇ. ಅದು ತೆರೆಯೋ ಹೊತ್ತಿಗೆ ಅರ್ಧ ಮಕ್ಕಳು ಬಸ್ ಹತ್ತಿರುತ್ತಾರೆ.

ಇನ್ನು ಯಾರೂ ಹೇಳದ ಒಂದು ಮಾತು. ನಮಗೂ ನೀರು ಬಂತು. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಸುರಪುರ, ಶಹಾಪುರಕ್ಕೆ ಬಂತು. ಹತ್ತಿ ಬಂತು, ಮೆಣಸಿನಕಾಯಿ ಬಂತು. ಹತ್ತಿ ಬಿಡಿಸೋದಕ್ಕೆ, ಮೆಣಸಿನಕಾಯಿ ಹರಿಯೋದಕ್ಕೆ ಯಾರು ಬೇಕು? ಸಣ್ಣ ಕೈಗಳು. ಒಣ ಬೇಸಾಯ ಇದ್ದಾಗ ಹೊಲದಲ್ಲಿ ಕೆಲಸ ವರ್ಷಕ್ಕೆ ಮೂರು ತಿಂಗಳು. ನೀರು ಬಂದಮೇಲೆ ಏಳೆಂಟು ತಿಂಗಳು. ಎಂಟನೇ ಕ್ಲಾಸಿನ ಹುಡುಗಿಯರು ದೀಪಾವಳಿ ಆದಮೇಲೆ ಕಾಣೋದೇ ಇಲ್ಲ. ಕೇಳಿದರೆ "ಹತ್ತಿ ಬಿಡಿಸಾಕ ಹೋಗ್ಯಾಳ್ರೀ ಟೀಚರ". ದಿನಕ್ಕೆ ಕೂಲಿ ಸಿಗುವಾಗ ಶಾಲೆಗೆ ಕಳಿಸಿ ಅಂತ ಹೇಳೋದು ಸುಲಭವಲ್ಲ. ಆ ಹುಡುಗಿಗೆ ಹದಿನೆಂಟು ತುಂಬುವ ಮೊದಲೇ ಮದುವೆ. ನೀರು ನಮ್ಮ ಹೆಣ್ಣುಮಕ್ಕಳನ್ನು ಶಾಲೆಯಿಂದ ಹೊಲಕ್ಕೆ ಎಳೆದುಕೊಂಡು ಹೋಯಿತು. ಬೀಡಿ ಕಟ್ಟಿದ ತಾಯಿಯ ದುಡ್ಡು ಮಗಳ ಕಾಲೇಜಿಗೆ ಹೋಯಿತು ಅಂತ ಮೇಲೆ ಓದಿ ನನಗೆ ಹೊಟ್ಟೆಕಿಚ್ಚೇ ಆಯಿತು.

ಕಸ್ತೂರಬಾ ವಸತಿ ಶಾಲೆಗೆ ಸೇರಿಸಿದ ಹುಡುಗಿಯರು ಮಾತ್ರ ಉಳಿಯುತ್ತಾರೆ. ಹಾಸ್ಟೆಲ್ ಗೋಡೆ ಇದ್ದರೆ ಹುಡುಗಿ ಓದುತ್ತಾಳೆ, ಇಲ್ಲದಿದ್ದರೆ ಇಲ್ಲ.

ನಾಲೆ ಬಯಲು

ಟೀಚರಮ್ಮ, ಇದು ನಿಜವಾಗಿ ಯೋಚಿಸಿರಲಿಲ್ಲ.

ಕ್ಯಾಂಪ್ ಹುಡುಗ

ಹೌದು. ಭತ್ತದ ನಾಟಿಯಲ್ಲೂ ಅದೇ ಇತ್ತು. ಈಗ ಕೊಯ್ಲು ಪೂರ್ತಿ ಮಷಿನ್, ಕೂಲಿಯೇ ಇಲ್ಲ. ಕೆಲಸ ಇದ್ದಾಗ ಶಾಲೆ ಹೋಯಿತು, ಈಗ ಕೆಲಸವೂ ಹೋಯಿತು.

ಸರ್ಕಾರಿ ಫೈಲು

ಎಲ್ಲರೂ ಸರ್ಕಾರ ಏನೂ ಮಾಡಿಲ್ಲ ಅನ್ನೋ ಹಾಗೆ ಬರೆಯುತ್ತಿದ್ದೀರಿ. ಹಿಂದುಳಿದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂತು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70 ಸೀಟು ಅಲ್ಲಿಯವರಿಗೇ, ರಾಜ್ಯದ ಉಳಿದ ಕಡೆ ಶೇ. 8. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ವರ್ಷಗಳಲ್ಲಿ ವರ್ಷಕ್ಕೆ 5,000 ಕೋಟಿ ಘೋಷಣೆ ಆಗುತ್ತಿದೆ. ಇನ್ನೇನು ಬೇಕು?

ಸುರಪುರದ ಟೀಚರ್

371ಜೆಯಿಂದ ಒಳ್ಳೆಯದಾಗಿದೆ, ಅದನ್ನು ಅಲ್ಲಗಳೆಯೋದಿಲ್ಲ. ನಮ್ಮ ಶಾಲೆಯಲ್ಲಿ ಓದಿದವರು ಮೆಡಿಕಲ್ ಸೇರಿದ್ದಾರೆ. ಆದರೆ ಆ ಸೀಟು ಹನ್ನೆರಡನೇ ಕ್ಲಾಸ್ ದಾಟಿದವರಿಗೆ. ಎಂಟರಲ್ಲೇ ಬಿಟ್ಟವಳಿಗೆ ಯಾವ ಸೀಟು ಸರ್?

ಮತ್ತೆ ಆ 5,000 ಕೋಟಿ. ಎಲ್ಲಿ ಹೋಗುತ್ತದೆ ಅಂತ ನೋಡಿದರೆ ರಸ್ತೆ, ಸಮುದಾಯ ಭವನ, ಕಟ್ಟಡ. ಕಟ್ಟಡಕ್ಕೆ ಕಾಂಟ್ರ್ಯಾಕ್ಟರ್ ಬೇಗ ಸಿಗುತ್ತಾನೆ. ಗಣಿತದ ಟೀಚರ್ ಸಿಗೋದಿಲ್ಲ, ಸಿಕ್ಕರೂ ಎರಡು ವರ್ಷಕ್ಕೆ ವರ್ಗಾವಣೆ ಮಾಡಿಸಿಕೊಂಡು ಹೋಗುತ್ತಾರೆ.

ತೊಗರಿ ಬ್ಯಾಳಿ

ಕಲಬುರಗಿಯಿಂದ ಎರಡು ಮಾತು. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ಚಪ್ಪಾಳೆ ಹೊಡೆದೆವು. ಸುಂಕ ಇಲ್ಲದೆ ಹೊರದೇಶದ ತೊಗರಿ ಬಂದ ಕೂಡಲೇ ರೇಟು ಕೆಳಗೆ. ಪುತ್ತೂರಿನವರಿಗೆ ಅಡಿಕೆ ರೇಟು ಹಿಡಿಯೋದಕ್ಕೆ ಅವರದೇ ಸಹಕಾರಿ ಸಂಸ್ಥೆ ಇತ್ತು. ನಮಗೆ ದಲಾಲಿ ಅಂಗಡಿ ಇತ್ತು. ಮುಗೀತು.

ಮಾನ್ವಿ ಕಡೆಯವ

ಎಲ್ಲ ಓದಿದೆ. ಟೀಚರ್ ಅಕ್ಕ ಬರೆದದ್ದನ್ನು ನಮ್ಮ ಮನೆಯಲ್ಲಿ ಜೋರಾಗಿ ಓದಿ ಹೇಳಿದೆ. ನಮ್ಮ ತಂಗಿ ಹತ್ತನೇ ಕ್ಲಾಸಿಗೆ ಬಿಟ್ಟವಳು, ಅವಳು ಏನೂ ಮಾತಾಡಲಿಲ್ಲ.

ಈಗ ನನ್ನ ಇನ್ನೊಂದು ಪ್ರಶ್ನೆ, ಕೋಲಾರದ ಅಣ್ಣನಿಗೆ. ನಮ್ಮ ಕಡೆ ಭತ್ತದ ಹುಲ್ಲಿಗೆ ಬರವಿಲ್ಲ. ಕಟಾವು ಮಷಿನ್ ಹೋದಮೇಲೆ ಎಷ್ಟೋ ಕಡೆ ಗದ್ದೆಯಲ್ಲೇ ಬೆಂಕಿ ಹಾಕುತ್ತಾರೆ. ಇಷ್ಟು ಹುಲ್ಲಿದ್ದೂ ನಮ್ಮ ಊರಿನಲ್ಲಿ ಡೇರಿ ಇಲ್ಲ. ತಂಗಿ ಮತ್ತು ಅವಳ ಜೊತೆಯವರು ಸೇರಿ ಶುರು ಮಾಡೋಣ ಅಂತಿದ್ದಾರೆ. ಮೊದಲು ಹಸು ಕೊಳ್ಳಬೇಕಾ?

ಟೊಮೆಟೊ ಬಾಕ್ಸ್

ಬೇಡ. ಹಸು ಕೊನೆಗೆ. ಮೊದಲು ಹಾಲಿನ ಗಾಡಿ ನಿಮ್ಮ ಊರಿನ ದಾರಿಯಲ್ಲಿ ಬರುತ್ತದಾ ನೋಡಿ. ನಿಮ್ಮ ಕಡೆಗೆ ರಾಬಕೊವಿ (ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ) ಹಾಲು ಒಕ್ಕೂಟ, ಬಳ್ಳಾರಿಯಲ್ಲಿದೆ. ಅವರ ವಿಸ್ತರಣಾಧಿಕಾರಿಯನ್ನು ಹಿಡಿಯಿರಿ, ಮಹಿಳಾ ಸಂಘ ಅಂತಲೇ ಕೇಳಿ. ಗಾಡಿ ರೂಟ್ ಇಲ್ಲದಿದ್ದರೆ ಅಕ್ಕಪಕ್ಕದ ನಾಲ್ಕು ಊರು ಸೇರಿಸಿ ಹಾಲು ತಂಪು ಮಾಡುವ ಘಟಕ ಕೇಳಬೇಕಾಗುತ್ತದೆ, ಒಂದು ಊರಿನ ಹಾಲಿಗೆ ಯಾರೂ ಗಾಡಿ ಕಳಿಸೋದಿಲ್ಲ. ಬಿಸಿಲಿಗೆ ನಿಮ್ಮಲ್ಲಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸು ತಡೆಯೋದಿಲ್ಲ, ಎಮ್ಮೆ ಅಥವಾ ಜೆರ್ಸಿ ಮಿಶ್ರತಳಿ ನೋಡಿ. ಬರೀ ಒಣಹುಲ್ಲಿಗೆ ಹಾಲು ಬರೋದಿಲ್ಲ, ಕಾಲುವೆ ಬಸಿನೀರು ಇರುವ ಕಡೆ ಹತ್ತು ಗುಂಟೆ ಹಸಿ ಹುಲ್ಲು ಹಾಕಿ. ಮತ್ತೆ ಮುಖ್ಯವಾಗಿ, ಬ್ಯಾಂಕ್ ಖಾತೆ ತಂಗಿಯ ಹೆಸರಲ್ಲೇ ಮಾಡಿಸಿ.

ಬೀಡಿ ಸೂಪು

ಕೊನೆಯ ಸಾಲು ಎರಡು ಸಲ ಓದಿ ಮಾನ್ವಿಯವರೇ.

ಮಾನ್ವಿ ಕಡೆಯವ

ಓದಿದೆ ಅಕ್ಕ. ಖಾತೆ ಈಗಾಗಲೇ ಇದೆ, ಗೃಹಲಕ್ಷ್ಮಿ ದುಡ್ಡು ಬರುತ್ತದಲ್ಲ, ಅದರದ್ದು. ಬಳ್ಳಾರಿಗೆ ಹೋಗಿಬಂದು ಗಾಡಿ ರೂಟಿನ ವಿಚಾರ ಇಲ್ಲೇ ಬರೆಯುತ್ತೇನೆ. ಸಿರವಾರ, ಕವಿತಾಳ ಕಡೆಯವರು ಯಾರಾದರೂ ಇದ್ದರೆ ಕೈ ಎತ್ತಿ, ನಾಲ್ಕು ಊರು ಬೇಕಲ್ಲ.